ಮೂರನೆಯ ತೂತಿನ ಹಿಂದೆ

ನನ್ನ ಮಗಳಿಗೆ ಹತ್ತನೆಯ ತರಗತಿಯ ಗಣಿತದಲ್ಲಿ ಮೂವತ್ತೆಂಟು ಬಂತು. ಆ ದಿನ ಮನೆಯಲ್ಲಿ ಹೋಳಿಗೆ ಮಾಡಿದೆ.

ನಗಬೇಡಿ. ಮೂವತ್ತೈದಕ್ಕೆ ಪಾಸು. ಮೇಲಿನ ಮೂರು ಅಂಕ ದೇವರು ತನ್ನ ಕೈಯಾರೆ ಹಾಕಿದ್ದು ಅಂತ ನನ್ನ ನಂಬಿಕೆ. ("ಅಮ್ಮಾ, ಪೇಪರ್ ಬರೆದದ್ದು ದೇವರಲ್ಲ, ನಾನು, ಮೀ!" ಅಂತ ಮಗಳ ವಾದ. ಸಿಟ್ಟು ಬಂದರೆ ಅವಳಿಗೆ ಮರಾಠಿ ಬರುತ್ತದೆ.)

ಪರೀಕ್ಷೆಗೆ ಮೊದಲು ಹರಕೆ ಹೊತ್ತಿದ್ದೆ. ಪಾಸಾದರೆ ಮನೆ ಎದುರಿನ ಸರ್ಕಾರಿ ಮರಾಠಿ ಶಾಲೆಗೆ ಅಮೃತಶಿಲೆಯ ಸರಸ್ವತಿ ಮೂರ್ತಿ, ಮೂರ್ತಿಗೊಂದು ಪುಟ್ಟ ಮಂಟಪ. ಮಂಟಪದ ಕೆಳಗೊಂದು ಕಲ್ಲು, ಕಲ್ಲಿನ ಮೇಲೆ ನಮ್ಮ ಹೆಸರು. ಹೆಸರಿನ ಮಾತು ಹರಕೆಯಲ್ಲಿ ಇರಲಿಲ್ಲ, ಆಮೇಲೆ ಸೇರಿಕೊಂಡಿತು. ಹೆಸರು ಹಾಗೇ ಅಲ್ಲವೇ? ಕರೆಯದೆ ಬಂದು ಪಂಕ್ತಿಯಲ್ಲಿ ಕೂತುಬಿಡುತ್ತದೆ.

ಈ ಶಾಲೆಗೂ ನಿಮಗೂ ಏನು ಸಂಬಂಧ ಅಂತ ಈ ಅಂಕಣದ ಹೊಸ ಓದುಗರು ಕೇಳಬಹುದು. ನಮ್ಮನೆಯವರದು ಬ್ಯಾಂಕಿನ ನೌಕರಿ. ಧಾರವಾಡ ಬಿಟ್ಟು, ನಾಸಿಕದಲ್ಲಿ ನಾಲ್ಕು ವರ್ಷ ಇದ್ದು, ಈಗ ಔರಂಗಾಬಾದಿನಲ್ಲಿದ್ದೇವೆ. (ಅರ್ಧ ಊರು ಇದನ್ನು ಸಂಭಾಜಿನಗರ ಅನ್ನುತ್ತದೆ. ಬಸ್ಸು ಎರಡೂ ಹೆಸರಿಗೆ ನಿಲ್ಲುತ್ತದೆ.) ಆ ಶಾಲೆಯಲ್ಲಿ ವಿಜಾಪುರ, ಕಲಬುರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಹತ್ತಿಪ್ಪತ್ತು ಮಂದಿ ಇದ್ದಾರೆ. ಅವರ ತಾಯಂದಿರಿಗೆ ಮರಾಠಿ ಅಷ್ಟಕ್ಕಷ್ಟೆ. ಟೀಚರುಗಳಿಗೆ ಕನ್ನಡ ಸುತರಾಂ ಬಾರದು. ನಡುವೆ ನಾನು. ಕುಕ್ಕರ್ ಎರಡನೆಯ ಸೀಟಿ ಹೊಡೆಯುವಾಗಲೇ ಗೇಟಿನಿಂದ ಕೂಗು ಬರುತ್ತದೆ: "ವಹಿನಿ, ಜರಾ ಯೇತಾ ಕಾ?" ಅತ್ತಿಗೆ, ಸ್ವಲ್ಪ ಬರ್ತೀರಾ ಅಂತ. ಒಲೆ ಆರಿಸಿ ಓಡುತ್ತೇನೆ. ಸಂಬಳವಿಲ್ಲದ ದುಭಾಷಿ. ಆದರೆ ನಾಲ್ಕು ಮನೆಯ ಸುಖದುಃಖ ನನ್ನ ಬಾಯಿಂದ ದಾಟಿ ಹೋಗುತ್ತದಲ್ಲ, ಅದೇನು ಕಡಿಮೆ ಪುಣ್ಯವೆ?

ಹಾಗೆ ಕೂಗುವವರು ಮೋಠ್ಯಾ ಬಾಯಿ. ಇಲ್ಲಿ ಹೆಡ್‌ಮಿಸ್‌ಗೆ ಹಾಗನ್ನುತ್ತಾರೆ. ರಿಟೈರ್ ಆಗಲು ಮೂರು ವರ್ಷ ಉಳಿದಿರುವ, ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಕಸ ಹೊಡೆಯುವ ಹೆಂಗಸು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅವರು ಕೂಗಿದ ದನಿಯೇ ಬೇರೆಯಾಗಿತ್ತು.

ಮೂರನೆಯ ತರಗತಿಯ ರೇಣುಕಾ ನೀರಿನ ಕೂಲರಿನ ನಳ ಮುಟ್ಟಿ, ಕರೆಂಟು ಹೊಡೆದು ಬಿದ್ದಿದ್ದಳು. ಹೊರಗೆ ಜಿಟಿಜಿಟಿ ಮಳೆ, ಕೂಲರಿನ ಮುಂದೆ ನೆಲವೆಲ್ಲ ಒದ್ದೆ, ಹುಡುಗಿಯ ಕಾಲಲ್ಲಿ ಚಪ್ಪಲಿ ಇಲ್ಲ. ದೇವರು ದೊಡ್ಡವನು, ಹೊಡೆತಕ್ಕೆ ಕೈ ತಾನೇ ಬಿಟ್ಟುಕೊಂಡಿತ್ತು. ಎರಡು ಬೆರಳ ತುದಿ ಸುಟ್ಟಿದ್ದವು. ಡಾಕ್ಟರು ನೋಡಿ, ಸಂಜೆತನಕ ಇಟ್ಟುಕೊಂಡು, ಮನೆಗೆ ಕಳಿಸಿದರು.

ಅವಳ ತಾಯಿ ಬಸಮ್ಮ ಸೈಟಿನಿಂದ ನೇರ ಬಂದಿದ್ದಳು. ಮೊಣಕೈವರೆಗೆ ಸಿಮೆಂಟು ಒಣಗಿತ್ತು. ಅಳಲಿಲ್ಲ, ಬಯ್ಯಲಿಲ್ಲ.

"ಸಾಕ್ರೀ ಅಕ್ಕಾರ, ಸಾಲಿ ಸಾಕು. ಸೈಟಿನ್ಯಾಗ ಇದ್ರ ನನ್ನ ಕಣ್ಣ ಮುಂದರ ಇರ್ತಾಳ."

"ಅಲ್ಲೇನ ಕಡಿಮಿ ಅಪಾಯ ಐತೇನವಾ?" ಅಂದೆ.

"ಅಲ್ಲಿ ಮ್ಯಾಲಿಂದ ಏನೇನ್ ಬೀಳ್ತದ, ನನಗ ಗೊತ್ತದ. ಸಾಲ್ಯಾಗ ನೀರು ಹೊಡೀತದ ಅಂತ ಯಾರಿಗೆ ಗೊತ್ತಿತ್ತು?"

ಇದನ್ನು ಮೋಠ್ಯಾ ಬಾಯಿಗೆ ಮರಾಠಿಯಲ್ಲಿ ಹೇಳಿದೆ.

ಎರಡು ದಿನ ಬಿಟ್ಟು ತರಕಾರಿಗೆ ಹೋಗುವಾಗ ಓಣಿಯ ತುದಿಯ ಸೈಟಿನಲ್ಲಿ ರೇಣುಕಾ ಕಂಡಳು. ಬ್ಯಾಂಡೇಜು ಸುತ್ತಿದ ಕೈಯಲ್ಲೇ ಉಸುಕು ಸೋಸುತ್ತಿದ್ದಳು. ನನ್ನ ನೋಡಿ ನಕ್ಕಳು. ತರಕಾರಿ ಮರೆತು ಮನೆಗೆ ಬಂದೆ.

ನಮ್ಮ ಅಪಾರ್ಟ್‌ಮೆಂಟಿನ ಎಲೆಕ್ಟ್ರಿಷಿಯನ್ ರಫೀಕ್ ಭಾಯಿ. ಖುಲ್ತಾಬಾದಿನವರು, ಮಾತು ಕಡಿಮೆ, ಕೈ ಚುರುಕು. "ಒಮ್ಮೆ ಬಂದು ನೋಡಿ" ಅಂತ ಅವರನ್ನು ಶಾಲೆಗೆ ಕರೆದೊಯ್ದೆ. ಅವರು ಮೇನ್ ಆಫ್ ಮಾಡಿ, ಕೂಲರಿನ ಪ್ಲಗ್ ಕಿತ್ತು, ಗೋಡೆಯ ಸಾಕೆಟ್ಟಿನ ಸ್ಕ್ರೂ ಬಿಚ್ಚಿದರು.

"ಭಾಭೀಜಿ, ಇಧರ್ ದೇಖೋ."

ನೋಡಿದೆ. ಮುಂದೆ ಮೂರು ತೂತು. ಹಿಂದೆ ಎರಡೇ ವೈರು.

"ಮೂರನೇದು?"

"ಶೋಗೆ."

ಕೂಲರಿನೊಳಗೆ ಒಂದು ವೈರು ಸವೆದಿದೆ, ಅದು ಯಾವ ಯಂತ್ರಕ್ಕೂ ಆಗುವಂಥದ್ದು, ಕೊಟ್ಟವರದ್ದೇನೂ ತಪ್ಪಿಲ್ಲ ಅಂದರು. ಹಳೆಯ ಕಟ್ಟಡ, ಅರ್ಥಿಂಗ್ ವೈರು ಎಳೆದೇ ಇಲ್ಲ. ಒಂಬತ್ತು ಕೋಣೆಯಲ್ಲೂ ಹೀಗೇ. "ಒಳಗೆ ಕರೆಂಟು ಸೋರಿದರೆ ಅದಕ್ಕೆ ಭೂಮಿಗೆ ಹೋಗೋಕೆ ದಾರಿ ಬೇಕು ಭಾಭೀಜಿ. ನೀವು ದಾರಿ ಮಾಡಿಕೊಡದಿದ್ದರೆ ಅದು ಮಗುವಿನ ಮೈಯಲ್ಲೇ ದಾರಿ ಮಾಡ್ಕೊಳ್ಳುತ್ತೆ."

ಆ ಕೂಲರನ್ನು ಕೊಟ್ಟದ್ದು ಊರಿನ ಒಬ್ಬ ದೊಡ್ಡ ಮನುಷ್ಯರು, ತಾಯಿಯ ನೆನಪಿಗೆ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದರು. ನಳಕ್ಕಿಂತ ಹೆಸರಿನ ಫಲಕ ಸ್ವಲ್ಪ ದೊಡ್ಡದು, ಇರಲಿ. ರಿಬ್ಬನ್ ಕತ್ತರಿಸಿದ ದಿನ ನಾನೂ ಪೇಡೆ ತಿಂದು ಚಪ್ಪಾಳೆ ತಟ್ಟಿದ್ದೆ. ಈ ಶಾಲೆಯ ಫ್ಯಾನುಗಳ ರೆಕ್ಕೆಯ ಮೇಲೂ ಕೊಟ್ಟವರ ಹೆಸರಿದೆ. ಕರೆಂಟು ಹೋದಾಗ ಮಾತ್ರ ಓದಲು ಸಿಗುತ್ತದೆ. ನಾವು ದೇವಸ್ಥಾನದ ಮೆಟ್ಟಿಲಿಗೂ ಹೆಸರು ಕೆತ್ತಿಸುವ ಜನ. ತುಳಿದರೂ ಪರವಾಗಿಲ್ಲ, ಓದಲಿ!

ಆದರೆ ಗೋಡೆಯೊಳಗಿನ ವೈರಿಗೆ ಯಾರು ಹೆಸರು ಬರೆಸುತ್ತಾರೆ? ಮಣ್ಣಿನೊಳಗಿನ ಗುಂಡಿಗೆ?

ಮೋಠ್ಯಾ ಬಾಯಿ ಮೂರು ಸಲ ಪತ್ರ ಬರೆದಿದ್ದರಂತೆ. ಬಣ್ಣ ಬಳಿಯಲು ಅನುದಾನ ಇದೆ, ಗೋಡೆಯ ಮೇಲೆ ಸುಭಾಷಿತ ಬರೆಸಲು ಇದೆ, ಬಲ್ಬು ಬದಲಿಸಲು ಇದೆ. ಇದು ಮಾತ್ರ ಯಾವ ಪಟ್ಟಿಯಲ್ಲೂ ಕೂರುವುದಿಲ್ಲ. ದೊಡ್ಡ ದುರಸ್ತಿಯ ಸರದಿ ಬಂದಾಗ ನೋಡೋಣ ಅಂತ ಉತ್ತರ. ಆ ಸರದಿ ತಮ್ಮ ರಿಟೈರ್‌ಮೆಂಟಿಗೆ ಮೊದಲು ಬಂದರೆ ಪುಣ್ಯ ಅಂದರು.

ಇಷ್ಟೆಲ್ಲ ಹೇಳಿದವರು ನನ್ನ ಹತ್ತಿರ ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು. "ಮೂರ್ತಿ ದಸರೆಗೆ ಬರುತ್ತದಲ್ಲವೇ ವಹಿನಿ? ಬನ್ನಿ, ಜಾಗ ತೋರಿಸುತ್ತೇನೆ" ಅಂತ ಕೈ ಹಿಡಿದು ಕರೆದೊಯ್ದರು. ಗೇಟಿನ ಬಲಕ್ಕೆ, ಕೂಲರಿಗೆ ಆರು ಹೆಜ್ಜೆ. ದೇವಿಯ ಮುಖ ಕೂಲರಿನ ಕಡೆಗೇ ಬರುತ್ತಿತ್ತು.

ಆಕೆ ಅಲ್ಲಿ ಕೂತು ದಿನಾ ಏನು ನೋಡಬೇಕು?

ನಾಸಿಕದಲ್ಲಿದ್ದಾಗ ಪರಿಚಯವಾದ ತ್ರ್ಯಂಬಕೇಶ್ವರದ ಗುರುಗಳಿಗೆ ಫೋನ್ ಮಾಡಿದೆ. ಹರಕೆಯ ದುಡ್ಡನ್ನು ಬೇರೆಯದಕ್ಕೆ ಹಾಕಬಹುದೇ? "ಇಲ್ಲ. ದೇವಿಗೆ ಅಂದದ್ದು ದೇವಿಗೆ" ಅಂದರು. ಹಿಂದೆ ಗಂಟೆಯ ಸದ್ದು. ಯಾರದೋ ಪೂಜೆಯ ನಡುವೆ ಎತ್ತಿದ್ದರು ಅಂತ ಕಾಣುತ್ತದೆ.

ನಮ್ಮನೆಯವರನ್ನು ಕೇಳಿದೆ. "ನಿನ್ನ ದೇವರು, ನಿನ್ನ ಹರಕಿ. ನನ್ನ ನಡುವ ಎಳೀಬ್ಯಾಡ. ಹನ್ನೆರಡನೇ ಗಣಿತಕ್ಕ ಮಾತ್ರ ಮತ್ತ ಹರಕಿ ಹೊರಬ್ಯಾಡ, ಟ್ಯೂಷನ್‌ಗೆ ಹಚ್ಚೋಣು" ಅಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ನಾನು ಹರಕೆಯನ್ನು ಹಗುರ ಮಾಡುವವಳಲ್ಲ. ಕೊಟ್ಟ ಮಾತು ತಪ್ಪಿದರೆ ಏನಾಗುತ್ತದೆ ಅಂತ ಹೆದರುತ್ತ ಬೆಳೆದವಳು. ಎರಡು ಶುಕ್ರವಾರ ಪೂಜೆಗೆ ಕೂತರೂ ಮನಸ್ಸು ನಿಲ್ಲಲಿಲ್ಲ. ಕಣ್ಣು ಮುಚ್ಚಿದರೆ ಉಸುಕು ಸೋಸುವ ಸದ್ದು.

ಮೂರನೆಯ ಶುಕ್ರವಾರ ನಮ್ಮ ಅಜ್ಜಿ ಮಾಡುತ್ತಿದ್ದದ್ದು ನೆನಪಾಯಿತು. ಹರಕೆ ತಡವಾದರೆ ಆಕೆ ತಪ್ಪು ಕಾಣಿಕೆ ಕಟ್ಟಿಡುತ್ತಿದ್ದಳು. ನಾನೂ ಅರಿಶಿಣದ ಬಟ್ಟೆಯಲ್ಲಿ ಒಂದು ನಾಣ್ಯ, ಒಂದು ಅಡಿಕೆ ಇಟ್ಟು ಗಂಟು ಹಾಕಿದೆ. ದೇವರ ಮುಂದಿಟ್ಟು ಬಾಯಿ ಬಿಟ್ಟೇ ಹೇಳಿದೆ: "ತಾಯಿ, ನಿನ್ನ ಮೂರ್ತಿ ನಾನು ತಂದೇ ತರುತ್ತೇನೆ. ಆದರೆ ನೀನು ಕಾಯಬಲ್ಲೆ. ಆ ಹುಡುಗರು ಕಾಯಲಾರರು. ತಪ್ಪಾದರೆ ನನ್ನ ಮೇಲಿರಲಿ, ಮಗಳ ಮಾರ್ಕ್ಸಿನ ಮೇಲೆ ಬೇಡ."

ಆ ಹೊತ್ತು ಹೂವು ಬೀಳಲಿಲ್ಲ, ಹಲ್ಲಿ ಲೊಚಗುಟ್ಟಲಿಲ್ಲ. ಮಧ್ಯಾಹ್ನ ಒಳ್ಳೆಯ ನಿದ್ದೆ ಬಂತು. ನನಗೆ ಅಷ್ಟು ಸಾಕಿತ್ತು.

ಕೊಡುವುದು ಸುಲಭ ಅಂದುಕೊಂಡಿದ್ದೆ. ಮೂರ್ತಿ ಕೊಡಲು ಒಂದು ಫಾರಂ ಇತ್ತು. ಫ್ಯಾನು, ಗಡಿಯಾರ, ಕುರ್ಚಿಗೂ ಇತ್ತು. ಖಾಸಗಿ ಹೆಂಗಸೊಬ್ಬಳು ಸರ್ಕಾರಿ ಗೋಡೆಯಲ್ಲಿ ವೈರು ಎಳೆಸಲು ಇರಲಿಲ್ಲ! ಮೋಠ್ಯಾ ಬಾಯಿ ತಾಯಂದಿರ ಸಭೆ ಕರೆದು ಠರಾವು ಬರೆದರು, ನಾಲ್ಕು ಸಲ ಇಲಾಖೆಯ ಮೆಟ್ಟಿಲು ಹತ್ತಿದರು. ಕೊನೆಗೆ ಅನುಮತಿ ಸಿಕ್ಕಿತು. ಒಂದೇ ಷರತ್ತು, ಕೆಲಸ ಮುಗಿದ ಮೇಲೆ ಎಂಜಿನಿಯರು ಬಂದು ನೋಡಿ ಸಹಿ ಹಾಕಬೇಕು. ನ್ಯಾಯವಾದ ಮಾತೇ.

ದಸರೆ ರಜೆಯಲ್ಲಿ ಕೆಲಸ ನಡೆಯಿತು. ಶಾಲೆಯ ಹಿಂದೆ ಆಳುದ್ದದ ಗುಂಡಿ, ಅದರೊಳಗೆ ಪೈಪು, ಸುತ್ತ ಇದ್ದಿಲು, ಉಪ್ಪು. (ನಾನು ಉಪ್ಪಿನಕಾಯಿ ಹಾಕಿದ ಹಾಗೇ ಇತ್ತು, ಜಾಡಿ ಮಾತ್ರ ಭೂಮಿ.) ಕೋಣೆ ಕೋಣೆಗೂ ಹಸಿರು ವೈರು. ಕರೆಂಟು ಸೋರಿದ ತಕ್ಷಣ ತಾನೇ ಬೀಳುವ ಒಂದು ಸ್ವಿಚ್ಚು. ಕೂಲರಿನ ಸವೆದ ವೈರೂ ಬದಲಾಯಿತು.

"ಗುಂಡಿಗೆ ಆಗಾಗ ನೀರು ಹಾಕ್ತಾ ಇರಬೇಕು, ಒಣಗಿದರೆ ಕೆಲಸ ಮಾಡಲ್ಲ" ಅಂದರು ರಫೀಕ್ ಭಾಯಿ. ಈ ಊರಿನಲ್ಲಿ ನಳಕ್ಕೆ ನೀರು ಬರುವುದೇ ಮೂರು ದಿನಕ್ಕೊಮ್ಮೆ. ಯಾರು ಹಾಕುತ್ತಾರೆ? ಅವರು ನನ್ನ ಹಣೆ ನೋಡಿ ನಕ್ಕರು. "ಭಾಭೀಜಿ, ಮುಚ್ಚಳದ ಮೇಲೆ ಸ್ವಲ್ಪ ಕುಂಕುಮ ಹಚ್ಚಿಬಿಡಿ. ದಿನಾ ನೀರು ತಾನೇ ಬೀಳುತ್ತೆ!"

ನಾನೂ ನಕ್ಕೆ. ಆದರೆ ಹಚ್ಚಲಿಲ್ಲ. ಹಚ್ಚಿದ್ದರೆ ಬಿಂದಿಗೆ ಬಿಂದಿಗೆ ನೀರು ಬೀಳುತ್ತಿತ್ತು, ಖರೆ. ದೇವರಿಲ್ಲದ ಕಡೆ ದೇವರನ್ನು ತೋರಿಸಿ ಕೆಲಸ ಮಾಡಿಸಿಕೊಳ್ಳುವುದು ನನ್ನಿಂದಾಗದು. ಅದರ ಬದಲು ಕೂಲರಿನ ಕೆಳಗೆ ಸೋರಿ ಹೋಗುವ ನೀರಿಗೆ ಒಂದು ಪೈಪು ಹಾಕಿಸಿ ಗುಂಡಿಗೆ ತಿರುಗಿಸಿದೆವು. ಮಕ್ಕಳು ಕುಡಿಯುತ್ತಾರೆ, ಗುಂಡಿಯೂ ಕುಡಿಯುತ್ತದೆ.

ಕಳೆದ ಮಂಗಳವಾರ ಎಂಜಿನಿಯರ್ ಸಾಹೇಬರು ಬಂದರು. ಸಭ್ಯ ಮನುಷ್ಯ. ಮೀಟರು ಹಿಡಿದು ಪ್ರತಿ ಕೋಣೆ ನೋಡಿದರು, ಕೂಲರು ನೋಡಿದರು, ತಲೆಯಾಡಿಸಿದರು. ಮೇಜಿನ ಮೇಲೆ ಕಾಗದ ಇಟ್ಟು ಪೆನ್ನು ತೆಗೆದರು.

ಬಸಮ್ಮನನ್ನು ನಾನೇ ಕರೆಸಿದ್ದೆ. ರೇಣುಕಾಳ ಕೈ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು.

"ಏನ್ ಬರೀಲಿಕ್ಕ ಹತ್ಯಾರ್ರೀ ಅಕ್ಕಾರ?"

"ಎಲ್ಲಾ ಸರಿ ಐತಿ ಅಂತ ಸಹಿ ಹಾಕ್ಲಿಕ್ಕತ್ತಾರವಾ."

"ಹೌದಾ? ಹಂಗಾರ ಸಾಹೇಬ್ರಿಗೆ ಆ ನಳದಾಗ ಒಂದ್ ಗ್ಲಾಸ್ ನೀರು ಕುಡೀಲಿಕ್ಕ ಹೇಳ್ರಿ. ಬೂಟ್ ಬಿಚ್ಚಿ."

ಸಾಹೇಬರು ನನ್ನ ಕಡೆ ತಿರುಗಿದರು. "ಏನಂತಾರೆ ಅವರು?"

ನಾನು ಮರಾಠಿಯಲ್ಲಿ ಮೆತ್ತಗೆ ಹೇಳಿದೆ: "ನೀರು ಚೆನ್ನಾಗಿ ಬರುತ್ತದೆಯೇ ಅಂತ ಕೇಳ್ತಿದ್ದಾರೆ."

"ನಾ ಹಂಗಂದಿಲ್ರೀ" ಅಂದಳು ಬಸಮ್ಮ. ಅಷ್ಟು ಮರಾಠಿ ಅವಳು ಯಾವಾಗಲೋ ಕಲಿತಿದ್ದಳು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಾಹೇಬರು ನಕ್ಕರು, ಮೀಟರು ತೋರಿಸಿದರು. ಮೀಟರು ಸರಿಯಾಗೇ ಹೇಳಿತ್ತು, ನನಗೂ ನಂಬಿಕೆ ಇತ್ತು. ಆದರೆ ಮೀಟರಿಗೆ ಬರಿಗಾಲಿದೆಯೇ? ಬಸಮ್ಮ ಮಗಳ ಕೈ ಬಿಟ್ಟಿರಲಿಲ್ಲ. ಆ ಕೈ ಬಿಡುತ್ತದೋ ಇಲ್ಲವೋ, ನಮ್ಮ ಇಷ್ಟು ದಿನದ ಕೆಲಸವೆಲ್ಲ ಅದಕ್ಕಾಗಿ ತಾನೇ?

ಮೊದಲು ನಾನು ಚಪ್ಪಲಿ ಬಿಟ್ಟೆ. ಒದ್ದೆ ನೆಲದಲ್ಲಿ ನಿಂತೆ. ಸುಳ್ಳು ಯಾಕೆ ಹೇಳಲಿ, ಹೆದರಿಕೆಯಾಯಿತು. ಮನೆದೇವರ ಹೆಸರು ಹೇಳಿ ನಳ ಹಿಡಿದೆ. ತಣ್ಣಗಿತ್ತು, ಅಷ್ಟೆ. ಮೋಠ್ಯಾ ಬಾಯಿ ಬಂದು ಬೊಗಸೆ ತುಂಬ ಕುಡಿದರು. ರಫೀಕ್ ಭಾಯಿ ಮುಖ ತೊಳೆದುಕೊಂಡರು. ಎಲ್ಲರೂ ಸಾಹೇಬರ ಕಡೆ ನೋಡಿದೆವು. ಅವರು ಸ್ಟೂಲಿನ ಮೇಲೆ ಕೂತು ಲೇಸು ಬಿಚ್ಚಿ, ಸಾಕ್ಸು ತೆಗೆದು, ಪ್ಯಾಂಟು ಮಡಚಿ ಬಂದು ಒಂದು ಗ್ಲಾಸು ನೀರು ಕುಡಿದರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಎಷ್ಟು ಜನ ಹಾಗೆ ಮಾಡುತ್ತಾರೆ?

ಕೊನೆಗೆ ಬಸಮ್ಮ. ಎರಡೂ ಅಂಗೈ ನಳದ ಮೇಲಿಟ್ಟು ನಿಂತಳು, ಬಹಳ ಹೊತ್ತು. ಆಮೇಲೆ ಮಗಳ ಬೆನ್ನಿಗೆ ಮೆಲ್ಲಗೆ ತಟ್ಟಿದಳು. "ಹೋಗು."

ರೇಣುಕಾ ಕೂಲರಿನ ಕಡೆ ಹೋಗಲಿಲ್ಲ. ಅದಕ್ಕೆ ದೂರದಿಂದಲೇ ಒಂದು ಸುತ್ತು ಹಾಕಿ ಮೂರನೆಯ ತರಗತಿಗೆ ಓಡಿದಳು. ಅದೂ ಆಯಿತು ಅಂದುಕೊಂಡೆ. ನೀರು ಇನ್ನೊಂದು ದಿನ ಕುಡಿದಾಳು.

ಸಾಹೇಬರು ಸಹಿ ಹಾಕುತ್ತ ಹೇಳಿದರು: "ಈಗ ಚಿಂತೆಯಿಲ್ಲ. ಬೇಸಿಗೆ ರಜೆಯಲ್ಲಿ ಗುಂಡಿ ಒಣಗುತ್ತದೆ. ಪ್ರತಿ ಜೂನಿನಲ್ಲಿ, ಶಾಲೆ ಶುರುವಾಗುವ ಮೊದಲು, ಒಮ್ಮೆ ನೋಡಬೇಕು." ಬಸಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವಳು ನಮ್ಮೆಲ್ಲರ ಬರಿಗಾಲನ್ನು ಒಂದೊಂದಾಗಿ ನೋಡಿದಳು. ಸಾಹೇಬರ ವರ್ಗಾವಣೆ ಮಾರ್ಚಿನಲ್ಲಿ ಇದೆಯಂತೆ. ನಮ್ಮನೆಯವರದು ಏಪ್ರಿಲ್‌ನಲ್ಲಿ ಬರಬಹುದು. ಬಸಮ್ಮನ ಸೈಟು ಇನ್ನೂ ಎರಡು ವರ್ಷ.

"ಜೂನಿನ್ಯಾಗ ಮತ್ತ ಎಲ್ಲಾರೂ ಬರ್ತೀರಲ್ರೀ?"

ಈ ಸಲ ಒಂದಕ್ಷರ ಬಿಡದೆ ಅನುವಾದಿಸಿದೆ. ಸಾಹೇಬರು ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದರು. ನಾನು, ಕಣ್ಣೆದುರಿಗೇ ಇದ್ದ ನನ್ನ ಚಪ್ಪಲಿಯನ್ನು ಹುಡುಕತೊಡಗಿದೆ.