ಪ್ಯಾಂಟು ತೊಟ್ಟವಳ ಹೆಸರು

ಹೋದ ಶನಿವಾರ ಇಲ್ಲಿ ಕ್ಯಾಲಿಫೋರ್ನಿಯಾದ ಡಬ್ಲಿನ್ನಿನ ಗ್ರೋಸರಿ ಅಂಗಡಿಯ ಕೇಕ್ ಕೌಂಟರಿನಲ್ಲಿ ನನಗೊಂದು ಅವಮಾನವಾಯಿತು. ಕೇಕಿನ ಮೇಲೆ ಏನಿರಬೇಕೋ ಚೀಟಿಯಲ್ಲಿ ಬರೆದುಕೊಡಿ ಎಂದಳು ಅಲ್ಲಿಯ ಹುಡುಗಿ. ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯುವ ನನ್ನ ಅತ್ಯುತ್ತಮ ಕರ್ಸಿವ್‌ನಲ್ಲಿ, ಕ್ಯಾಪಿಟಲ್ ಎಚ್‌ಗೆ ಒಂದು ಸಣ್ಣ ಸುರುಳಿಯನ್ನೂ ಇಟ್ಟು, ಹ್ಯಾಪಿ ಬರ್ತ್‌ಡೇ ಎಂದು ಬರೆದೆ. ಅವಳು ಚೀಟಿಯನ್ನು ಹೀಗೆ ತಿರುಗಿಸಿದಳು, ಹಾಗೆ ತಿರುಗಿಸಿದಳು. ಕೊನೆಗೆ ಬಹಳ ವಿನಯದಿಂದ, "ಸೋ ಪ್ರೆಟಿ! ವಾಟ್ ಲ್ಯಾಂಗ್ವೇಜ್ ಈಸ್ ದಿಸ್, ಮ್ಯಾಮ್?" ಎಂದಳು.

ನಿಮ್ಮಜ್ಜಿಯ ಭಾಷೆ ತಾಯಿ, ಎನ್ನಬೇಕೆನಿಸಿತು. ಎನ್ನಲಿಲ್ಲ. ಒಂದೊಂದೇ ಅಕ್ಷರವನ್ನು ಇರುವೆಗಳ ಹಾಗೆ ಬಿಡಿಬಿಡಿಯಾಗಿ ಬರೆದುಕೊಟ್ಟು ಬಂದೆ. ಅಜ್ಜಿ ಬರೆದ ಕಾಗದ ಓದಲು ಬಾರದ ಮಕ್ಕಳಿಗೆ ಈ ದೇಶ ಗೌನು ಹಾಕಿ, ಟೋಪಿ ತೊಡಿಸಿ, ಡಿಗ್ರಿ ಕೊಟ್ಟು ಫೋಟೋ ತೆಗೆಯುತ್ತದೆ. ಮುದುಕಿ ಗೊಣಗುತ್ತಾಳೆ ಅಂದುಕೊಳ್ಳಿ, ಪರವಾಗಿಲ್ಲ. ಆದರೆ ಈ ಜನರ ಅನಕ್ಷರತೆಯಿಂದಲೇ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನನಗೊಂದು ರಿಸರ್ಚ್ ಕೆಲಸ ಸಿಕ್ಕಿತ್ತು ಎಂಬುದನ್ನೂ ಹೇಳಬೇಕು.

ಮೂರು ಚಳಿಗಾಲದ ಹಿಂದಿನ ಮಾತು. ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ, ಮಿಡಿ ಉಪ್ಪಿನಕಾಯಿ ಯಾರಿಗೆ ಬೇಕು ಎಂಬ ಮೆಸೇಜಿನ ಕೆಳಗೆ, ಕರ್ಸಿವ್ ಓದಬಲ್ಲ ಆಂಟಿಯರು ಯಾರಾದರೂ ಇದ್ದೀರಾ ಎಂಬ ಪ್ರಶ್ನೆ ಬಂತು. ಕೇಳಿದವಳು ಸಮೀನಾ. ಬೆಂಗಳೂರಿನ ಮನೆತನ, ಹುಟ್ಟಿ ಬೆಳೆದದ್ದು ಇಲ್ಲಿಯ ಮಾರ್ಗನ್ ಹಿಲ್ ಊರಿನಲ್ಲಿ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮುಕ್ಕಾಲು ಪಾಲು ಇಂಗ್ಲಿಷು. ಅವಳ ಪಿಎಚ್‌ಡಿ ವಿಷಯ ಅಮೆರಿಕದಲ್ಲಿ ಲೈಂಗಿಕತೆ ಮತ್ತು ಕಾನೂನಿನ ಚರಿತ್ರೆ. ಎಂದರೆ, ಯಾರು ಯಾರ ಪಕ್ಕ ಮಲಗಬೇಕು, ಯಾರು ಏನು ಉಡಬೇಕು ಎಂಬುದರಲ್ಲಿ ಸರ್ಕಾರ ಎಷ್ಟು ದೂರ ಮೂಗು ತೂರಿಸಿತ್ತು ಎಂಬ ವಿಚಾರ. ನೂರು ವರ್ಷಕ್ಕೂ ಹಳೆಯ ಪೊಲೀಸ್ ಕೋರ್ಟಿನ ರಿಜಿಸ್ಟರುಗಳೆಲ್ಲ ಕರ್ಸಿವ್‌ನಲ್ಲಿವೆ. ಹುಡುಗಿಗೆ ಲ್ಯಾಟಿನ್ ಬರುತ್ತದೆ, ಅದು ಬರುವುದಿಲ್ಲ. ನಾನು ಕೈಯೆತ್ತಿದೆ. ಧಾರವಾಡದ ಕಾನ್ವೆಂಟಿನಲ್ಲಿ ನಾಲ್ಕು ಗೆರೆಯ ಕಾಪಿ ಪುಸ್ತಕದ ಮೇಲೆ ಬೆರಳಗಂಟಿಗೆ ಫುಟ್‌ರೂಲಿನ ಏಟು ತಿಂದು ಕಲಿತ ವಿದ್ಯೆ ಅದು.

ನನ್ನ ನಾದಿನಿ ಸುಮಿತ್ರಾಗೆ ಸುದ್ದಿ ಮುಟ್ಟಲು ಅರ್ಧ ಗಂಟೆ ಹಿಡಿಯಲಿಲ್ಲ. ಅದೇ ಕಾನ್ವೆಂಟಿನಲ್ಲಿ ನನಗಿಂತ ಮೂರು ಕ್ಲಾಸು ಕೆಳಗೆ ಓದಿದವಳು, ಈಗ ಇದೇ ಊರಿನಲ್ಲಿ ಎರಡು ಬೀದಿ ಆಚೆ ಇದ್ದಾಳೆ. ಫೋನಿನಲ್ಲೇ ಶುರು ಮಾಡಿದಳು.

"ವೈನಿ, ಭಜನಿಗೆ ಕರದ್ರ ನಿಮಗ ಮೊಣಕಾಲು ನೋವು. ಈ ಹೊಲಸು ಓದ್ಲಿಕ್ಕೆ ಟ್ರೇನ್ ಹತ್ತಿ ಹೋಗ್ಲಿಕ್ಕೆ ನೋವಿಲ್ಲೇನ್ರಿ?"

"ಭಜನಿಯೊಳಗ ನೆಲದ ಮ್ಯಾಲೆ ಕೂಡಸ್ತೀರಿ. ಅಲ್ಲಿ ಕುರ್ಚಿ ಕೊಡ್ತಾರ," ಎಂದೆ.

ಕುರ್ಚಿ ನಿಜವಾಗಿಯೂ ಚೆನ್ನಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಳೆಯ ದಾಖಲೆಗಳನ್ನಿಟ್ಟ ಒಂದು ಕಟ್ಟಡದ ನೆಲಮಾಳಿಗೆ. ಚೀಲ ಹೊರಗೆ, ಪೆನ್ನು ಹೊರಗೆ, ಒಳಗೆ ಪೆನ್ಸಿಲು ಮಾತ್ರ. ರಿಜಿಸ್ಟರಿನ ಬೆನ್ನು ಮುರಿದಿದ್ದರಿಂದ ಅದನ್ನು ಸ್ಪಂಜಿನ ದಿಂಬಿನ ಮೇಲೆ ಅರ್ಧ ತೆರೆದು ಮಲಗಿಸಿದ್ದರು. ಫೋಟೋ ತೆಗೆಯಲು ಬಿಡುತ್ತಿರಲಿಲ್ಲ. ವಾರಕ್ಕೆರಡು ದಿನ ನಾನು ಓದಿ ಓದಿ ನೋಟ್‌ಬುಕ್ಕಿಗೆ ಇಳಿಸುವುದು, ಸಮೀನಾ ಪಕ್ಕದ ಮೇಜಿನಲ್ಲಿ ಕಾನೂನಿನ ಪುಸ್ತಕಗಳನ್ನು ನೋಡುವುದು, ಹೀಗಿತ್ತು ನಮ್ಮ ಕೆಲಸ.

ಏನೆಂದು ಹೇಳಲಿ ಆ ಕಾನೂನಿನ ಚಂದ! ಗಂಡಸು ಗಂಡಸನ್ನು ಮುಟ್ಟಿದರೆ ಅದು ಹೆಸರು ಹೇಳಬಾರದ ಅಪರಾಧ. ಹೆಸರು ಹೇಳಲು ನಾಚಿಕೆ, ಹೇಳದೆ ವರ್ಷಗಟ್ಟಲೆ ಜೈಲಿಗೆ ಹಾಕಲು ನಾಚಿಕೆಯಿಲ್ಲ. ಕ್ಲರ್ಕಿನ ಅಕ್ಷರ ಮಾತ್ರ ಎಂಥ ಮುದ್ದು! ನಮ್ಮ ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ಸ್ಟಾರ್ ಕೊಡುತ್ತಿದ್ದರು. ಒಬ್ಬನ ಬದುಕನ್ನು ಒಂದೂವರೆ ಸಾಲಿನಲ್ಲಿ ಮುಗಿಸಿ, ಕೊನೆಯ ಅಕ್ಷರಕ್ಕೆ ಬಾಲ ಎಳೆದು, ಬ್ಲಾಟಿಂಗ್ ಒತ್ತಿ, ಊಟಕ್ಕೆ ಹೋಗಿರಬೇಕು ಪುಣ್ಯಾತ್ಮ. ಪಕ್ಕದ ಮನೆಯ ಬೀಗದ ಕಣ್ಣಿಗೆ ಕಣ್ಣಿಟ್ಟು ದೂರು ಕೊಟ್ಟವರಿಗೆ ಆ ಪುಟಗಳಲ್ಲಿ ಹೆಸರಿಲ್ಲ, ಅವರು ಬರೀ ಗೌರವಸ್ಥ ಮಹಿಳೆ, ಗೌರವಸ್ಥ ಗೃಹಸ್ಥ. ಅಂಥ ಗೌರವಸ್ಥರನ್ನು ನಾನು ನಮ್ಮ ಕೂಟದಲ್ಲೂ ಕಂಡಿದ್ದೇನೆ, ಯುಗಾದಿಗೆ ಜರಿ ಸೀರೆ ಉಟ್ಟು ಬರುತ್ತಾರೆ.

ಆ ಊರಿನಲ್ಲಿ ಆಗ ಇನ್ನೊಂದು ಕಾನೂನಿತ್ತು. ತನ್ನದಲ್ಲದ ಲಿಂಗದ ಬಟ್ಟೆ ತೊಟ್ಟು ಬೀದಿಗಿಳಿಯಬಾರದು. ಅದರ ಕೆಳಗೆ ಸಿಕ್ಕಿಬಿದ್ದವಳೊಬ್ಬಳು ಇಸ್ತ್ರಿ ಕೆಲಸದ ಹೆಂಗಸು. ಪ್ಯಾಂಟು, ವೇಸ್ಟ್‌ಕೋಟು, ಟೋಪಿ ಎಂದು ಕ್ಲರ್ಕು ಒಂದೊಂದನ್ನೂ ಬರೆದಿದ್ದ, ಕದ್ದ ಮಾಲಿನ ಪಟ್ಟಿಯ ಹಾಗೆ. ಹತ್ತು ದಿನ ಜೈಲು. ನಾನು ತಲೆ ಬಗ್ಗಿಸಿ ನನ್ನನ್ನೇ ನೋಡಿಕೊಂಡೆ. ಡಿಸೆಂಬರಿನ ಚಳಿಗೆ ಉಣ್ಣೆಯ ಪ್ಯಾಂಟು, ಮೇಲೆ ನಮ್ಮ ಮನೆಯವರು ಬಿಟ್ಟುಹೋದ ಕೋಟು. ಅವಳ ಕಾಲದಲ್ಲಿ ಈ ರೈಲಿನ ಮೆಟ್ಟಿಲು ಇಳಿಯುವಷ್ಟರಲ್ಲಿ ನನ್ನನ್ನೂ ಹಿಡಿದು ಒಯ್ಯುತ್ತಿದ್ದರು.

ಇಲ್ಲಿ ನಾನೊಂದು ಬುದ್ಧಿವಂತಿಕೆ ಮಾಡಿದೆ. ಪಾಪ, ಸತ್ತು ಎಷ್ಟೋ ಕಾಲವಾದ ಹೆಂಗಸು, ಅವಳ ಮರ್ಯಾದೆಯನ್ನು ಮತ್ತೆ ಬೀದಿಗೆ ಯಾಕೆ ತರಬೇಕು ಎಂದುಕೊಂಡೆ. ನಮ್ಮಲ್ಲಿ ಒಳ್ಳೆಯ ಮನೆಗಳಲ್ಲಿ ಹೀಗೇ ಅಲ್ಲವೇ ಮಾಡುವುದು? ಹೆಸರಿದ್ದ ಕಡೆ 'ಒಬ್ಬ ಹೆಂಗಸು' ಎಂದು ಬರೆದೆ. ಮುಂದೆ ಅಂಥ ಪ್ರತಿಯೊಂದು ಕೇಸಿಗೂ ಅದೇ. ನನ್ನ ಕರುಣೆಯನ್ನು ನಾನೇ ಮೆಚ್ಚಿಕೊಂಡು, ವಾಪಸು ಬರುವಾಗ ರೈಲಿನಲ್ಲಿ ಚಕ್ಕುಲಿ ತಿಂದೆ.

ನಾಲ್ಕನೆಯ ವಾರ ಸಮೀನಾ ನನ್ನ ನೋಟ್‌ಬುಕ್ಕು ಹಿಡಿದು ಬಂದಳು. "ಆಂಟಿ, ಈ ಪ್ಯಾಂಟ್ಸ್ ಕೇಸಸ್‌ನಲ್ಲಿ ನೇಮ್ಸ್ ಎಲ್ಲಿ?"

"ಬ್ಯಾಡಂತ ಬಿಟ್ಟೆ ನೋಡವಾ. ಯಾರ ಮನಿ ಹೆಣ್ಣುಮಕ್ಕಳೋ ಏನೋ."

ಅವಳು ಕುಳಿತುಕೊಂಡಳು. ಕೋಪ ಬಂದರೆ ದನಿ ಇಳಿಯುವ ಜಾತಿಯ ಹುಡುಗಿ. "ಆಂಟಿ, ಇವು ನಾಲ್ಕು ಕೇಸ್. ನಾಲ್ಕು ಹೆಂಗಸರಾ, ಒಬ್ಬಳೇನಾ? ನನ್ನ ಹೋಲ್ ಚಾಪ್ಟರ್ ಇದರ ಮೇಲಿದೆ. ಜೈಲಿಗೆ ಹೋಗಿ ಬಂದ್ರೂ ಮತ್ತೆ ಅದೇ ಪ್ಯಾಂಟು, ಶೀ ಕೆಪ್ಟ್ ಗೋಯಿಂಗ್ ಬ್ಯಾಕ್ ಅಂತ ನಾನು ಪ್ರೂವ್ ಮಾಡಬೇಕು. ಇಲ್ಲಾಂದ್ರೆ ಈ ಚಾಪ್ಟರ್ ತೆಗೆದುಬಿಡು ಅಂತಾರೆ ನಮ್ಮ ಪ್ರೊಫೆಸರ್."

"ಆಕಿ ಮಾನ ಮುಚ್ಚೋಣಂತ..."

"ಹೂ ಆಸ್ಕ್ಡ್ ಯೂ, ಆಂಟಿ? ಅವಳು ಮುಚ್ಚಿಕೊಂಡಿರಲಿಲ್ಲ. ಪ್ಯಾಂಟು ಹಾಕಿಕೊಂಡು ಮಾರ್ಕೆಟ್ ಸ್ಟ್ರೀಟಲ್ಲಿ ನಡೀತಿದ್ಲು."

ಆ ಹೆಸರುಗಳನ್ನು ನಾನು ನೆನಪಿನಲ್ಲೂ ಇಟ್ಟುಕೊಂಡಿರಲಿಲ್ಲ. ನಾಲ್ವರು ಪಾಪದ ಹೆಂಗಸರನ್ನು ಸೃಷ್ಟಿಸಿ, ಒಬ್ಬ ಹಠಮಾರಿಯನ್ನು ನಾನು ಅಳಿಸಿಬಿಟ್ಟಿದ್ದೆನೋ ಏನೋ. ಆ ಪೊಲೀಸರು ಹತ್ತು ಹತ್ತು ದಿನ ಕೂಡಿಹಾಕಿಯೂ ಮಾಡಲಾಗದ ಕೆಲಸವನ್ನು ಒಂದು ಪೆನ್ಸಿಲಿನಲ್ಲಿ ಮಾಡಿದ್ದೆ. ಮೇಲಾಗಿ ಆ ಶುಕ್ರವಾರ ರಿಜಿಸ್ಟರು ಬೈಂಡಿಂಗ್ ರಿಪೇರಿಗೆ ಹೋಗುವುದಿತ್ತು. ಯಾವಾಗ ಬರುತ್ತದೆಂದು ಅಲ್ಲಿಯವರಿಗೇ ಗೊತ್ತಿರಲಿಲ್ಲ. ಉಳಿದದ್ದು ಎರಡು ದಿನ.

ಆ ರಾತ್ರಿ ನನಗೆ ನಿದ್ದೆ ಬಾರದಿದ್ದುದಕ್ಕೆ ಕಾರಣ ಬೇರೆ. ಇದು ನನ್ನ ಮೊದಲನೆಯ ತಿದ್ದುಪಡಿ ಆಗಿರಲಿಲ್ಲ.

ಧಾರವಾಡದ ಕಾನ್ವೆಂಟಿನಲ್ಲಿ, ನನ್ನ ಒಂಬತ್ತನೆಯ ಕ್ಲಾಸಿನಲ್ಲಿ ಕುಸುಮಾ ಎಂಬ ಹುಡುಗಿ ಇದ್ದಳು. ಹಾಸ್ಟೆಲಿನವಳು, ಹದಿನೇಳನೆಯ ರೋಲ್ ನಂಬರು. ಮೇಲಿನ ಕ್ಲಾಸಿನ ಒಬ್ಬಳಿಗೆ ಅವಳು ಬರೆದ ಕಾಗದ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಕೈಗೆ ಸಿಕ್ಕಿತು. ಅದರಲ್ಲೇನಿತ್ತೋ ನಾವು ನೋಡಲಿಲ್ಲ. ನೋಡದೆಯೇ ಎಲ್ಲರಿಗೂ ಗೊತ್ತಿತ್ತು. ಮರುದಿನ ಅವಳ ಟ್ರಂಕು ವರಾಂಡದಲ್ಲಿತ್ತು, ಮಧ್ಯಾಹ್ನಕ್ಕೆ ಅದೂ ಇರಲಿಲ್ಲ. ಸಂಜೆ ಮದರ್ ನನ್ನನ್ನು ಕರೆದು, ಕ್ಲಾಸಿನಲ್ಲಿ ನಿನ್ನದೇ ಬೆಸ್ಟ್ ಹ್ಯಾಂಡ್‌ರೈಟಿಂಗ್ ಎಂದು ಹೊಗಳಿ, ಹಾಜರಿ ಪುಸ್ತಕ ಹೊಸದಾಗಿ ಬರೆಯಲು ಹೇಳಿದರು, ಹದಿನೇಳನೆಯ ಹೆಸರು ಬಿಟ್ಟು. ಬರೆದೆ. ಒಂದು ಚಿತ್ತಿಲ್ಲ. ಹದಿನೆಂಟರವಳು ಹದಿನೇಳಾದಳು, ಇಪ್ಪತ್ತಮೂರಿದ್ದ ನಾನು ಇಪ್ಪತ್ತೆರಡಾದೆ. ಬೆಳಿಗ್ಗೆ 'ಟ್ವೆಂಟಿ ಟೂ' ಎಂದಾಗ, ಹುಟ್ಟಿದಾಗಿನಿಂದ ಅದೇ ನನ್ನ ನಂಬರೆಂಬಂತೆ, 'ಪ್ರೆಸೆಂಟ್, ಸಿಸ್ಟರ್' ಎಂದೆ. ನನಗೆ ಬಹುಮಾನವಾಗಿ ಚಿನ್ನದ ಅಂಚಿನ ಒಂದು ಏಂಜೆಲ್ ಚಿತ್ರ ಸಿಕ್ಕಿತು. ಅಮೆರಿಕದ ಕ್ಲರ್ಕನ್ನು ಅಷ್ಟು ಹೀಯಾಳಿಸಿದೆನಲ್ಲ, ಅವನಾದರೂ ಹೆಸರನ್ನು ಬರೆದಿದ್ದ.

ಆ ಎರಡು ದಿನ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತೆ. ಮೊದಲ ಪುಟದಿಂದ ಮತ್ತೆ ಓದಿದೆ. ಸಮೀನಾ ಮಧ್ಯಾಹ್ನ ತನ್ನ ಡಬ್ಬಿಯ ಪುಲಾವ್ ಅರ್ಧ ನನ್ನ ಕಡೆ ತಳ್ಳಿದಳು. ಅದನ್ನು ಕ್ಷಮೆ ಎಂದು ಓದಿಕೊಂಡೆ. ನಾಲ್ಕು ಕೇಸೂ ಒಬ್ಬಳವೇ ಆಗಿದ್ದವು. ಆಗ್ನೆಸ್ ಡೂಲಿ. ಗುರುವಾರ ಮುಚ್ಚುವ ಹೊತ್ತಿಗೆ, ನಾನು ಮೊದಲು ಅಸಹ್ಯಪಟ್ಟು ಹಾರಿಸಿದ್ದ ಪುಟಗಳಲ್ಲಿ, ಅವಳು ಇನ್ನೂ ಎರಡು ಸಲ ಸಿಕ್ಕಳು. ಆರನೆಯ ಸಲ ಕ್ಲರ್ಕಿಗೂ ಸಾಕಾಗಿರಬೇಕು, ಬಟ್ಟೆಯ ಪಟ್ಟಿಯಿಲ್ಲ, ಬರೀ ಹೆಸರು, ಅಷ್ಟೇ. "ಆಂಟಿ," ಎಂದಳು ಸಮೀನಾ, ಆರೂ ಸಾಲುಗಳ ಮೇಲೆ ಕೈಯಿಟ್ಟು, "ಪ್ಯಾಂಟು ಇವಳಿಗೆ ಬೇಕೇ ಬೇಕಿತ್ತು, ಪೊಲೀಸರಿಗೆ ಇವಳು ಸಾಕಾದಳು." ಚಾಪ್ಟರು ಉಳಿಯಿತು.

ಹೋದ ಶನಿವಾರ ಆ ಕೇಕಿನ ಅಂಗಡಿಯಿಂದ ಮನೆಗೆ ಬಂದ ಮೇಲೆ ನಾನು ಸುಮಿತ್ರಾಗೆ ಫೋನು ಮಾಡಿದೆ. ಮೂರು ವರ್ಷದಿಂದ ಮಾಡಬೇಕೆಂದು ಮುಂದೂಡುತ್ತ ಬಂದಿದ್ದ ಫೋನು. "ನಮ್ಮ ಸಾಲ್ಯಾಗ ಕುಸುಮಾ ಅಂತ ಇದ್ದಳಲ್ಲ, ನೆನಪದ ಏನು?"

ಆ ಕಡೆ ಕುಕ್ಕರು ಒಂದು ಸೀಟಿ ಹೊಡೆಯಿತು. "ಆಕಿ ಲಗ್ನ ಆತು, ಅದಕ್ಕ ಸಾಲಿ ಬಿಟ್ಟಳು ಅಂದಿದ್ರು."

"ಯಾರ ಕೂಡ?"

"ಯಾರಿಗೆ ಗೊತ್ತರಿ? ಯಾರೂ ಕೇಳಲಿಲ್ಲ."

"ರಜಿಸ್ಟರ್‌ದಾಗಿಂದ ಆಕಿ ಹೆಸರು ತಗದಾಕಿ ನಾನು, ಸುಮಿ."

ಈಗ ಬೈಗುಳ ಬರುತ್ತದೆಂದು ಕಾದೆ. ಬಂದದ್ದು ಬೇರೆ. "ನಾ ಸಣ್ಣಾಕಿ ಇದ್ದೆ ವೈನಿ. ಓಟದ ಪಂದ್ಯದಾಗ ಬಿದ್ದು ಅಳ್ತಿದ್ದೆ. ಆಕಿ ತನ್ನ ಓಟ ಬಿಟ್ಟು ತಿರುಗಿ ಬಂದು ನನ್ನ ಎಬ್ಬಿಸಿದಳು. ಫಸ್ಟ್ ಬರಬೇಕಾದಾಕಿ." ಮತ್ತೆ ಸೀಟಿ. "ಈಗ್ಯಾಕ ಕೇಳ್ತೀರಿ?"

"ಬರೀಬೇಕಂತ. ಆದ್ರ ಪೂರ್ತಿ ಹೆಸರು ನೆನಪಿಲ್ಲ. ನಾನೇ ಬಿಟ್ಟು ಬರದೆನಲ್ಲ."

ಹೊಲಸು, ಮರ್ಯಾದೆ, ಈ ವಯಸ್ಸಿನಲ್ಲಿ ಎಂಬ ಮಾತುಗಳೆಲ್ಲ ಅವಳ ಬಾಯಿಯ ತುದಿಯಲ್ಲಿ ಸಾಲಾಗಿ ನಿಂತಿದ್ದವು ಎಂಬುದು ನನಗೆ ಗೊತ್ತು. ಒಲೆ ಆರಿಸಿದ ಸದ್ದು ಕೇಳಿಸಿತು.

"ಬರ್ಕೊಳ್ರಿ," ಎಂದಳು ಸುಮಿತ್ರಾ. "ಕುಸುಮಾ ಗುರುನಾಥ ಇನಾಮದಾರ. ಬರ್ಕೊಂಡ್ರೇನು? ಓದಿ ತೋರಸ್ರಿ."

ಓದಿದೆ. "ಇನ್ನೊಮ್ಮೆ ಓದ್ರಿ, ಸ್ವಲ್ಪ ಜೋರಲೆ," ಎಂದಳು.