ಬಲಗೈಯ ಕೊಸರು ಬಳೆ

ಅವಳ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕೂದಲೆಳೆಯಂಥ ಬಿಳಿಯ ಗೀರುಗಳಿದ್ದವು. ಬೇಸಿಗೆಯ ಎರೆಹೊಲ ಬಿರಿದ ಹಾಗೆ ಅವು ಒಂದನ್ನೊಂದು ಹಾಯ್ದುಹೋಗಿದ್ದವು. ಊರ ಹೆಂಗಸರಿಗೆ ಗಾಜಿನ ಬಳೆ ಏರಿಸುವಾಗ ಒಡೆದ ಚೂರು ತಾಗಿ ಆದ ಗಾಯಗಳ ಗುರುತು. ಅದರ ಕೆಳಗೆ ಮಣಿಕಟ್ಟು ಮಾತ್ರ ಬರಿದಾಗಿತ್ತು. ಮದುವೆಯಾದ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ. ಅವನು ಬಿಟ್ಟುಹೋದ ಬಳೆಯ ಮಲಾರವನ್ನು ಅವಳೇ ಹೆಗಲಿಗೇರಿಸಿ ಮನೆಮನೆಗೆ ಹೊರಟಳು. ವಿಧವೆಯ ಕೈಯಿಂದ ಬಳೆ ತೊಡುವುದೇ ಎಂದು ಮೊದಲು ಮೂಗು ಮುರಿದವರಿದ್ದರಂತೆ. "ಕುಂಬಾರನ ಮನ್ಯಾಗ ಒಡಕ ಗಡಿಗೀನ ಇರತಾವು. ಹಂಗಂತ ಅವನ ಕಡೆ ಗಡಿಗಿ ತಗೊಳ್ಳೂದು ಬಿಟ್ಟೀರೇನ?" ಎಂದು ಕೇಳಿದಳಂತೆ. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಊರಿನವರೆಲ್ಲ ಅವಳನ್ನು ಬಳಿಗಾರ ಆಯಿ ಎನ್ನುತ್ತಿದ್ದರು. ನಮ್ಮದು ಶಲವಡಿಯ ಹತ್ತಿರದ ಸಣ್ಣ ಊರು. ಅಪ್ಪ ಅಲ್ಲಿಯ ಶಾಲೆಯ ಮಾಸ್ತರರು. ಚಿಕ್ಕವಳಿದ್ದಾಗ ನನಗೆ ಬಳೆ ತೊಡುವುದೆಂದರೆ ಹೆದರಿಕೆ. ಆಯಿ ನನ್ನ ಕೈ ಹಿಡಿದು ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತುತ್ತ, "ನಿಮ್ಮ ಎಮ್ಮಿ ಈದದ್ದು ಕೋಣ ಕರಾನೋ ಹೆಣ್ಣ ಕರಾನೋ?" ಎಂದು ಕೇಳುವಳು. ನಾನು ಎಮ್ಮೆಯ ಕತೆ ಹೇಳತೊಡಗುವಷ್ಟರಲ್ಲಿ ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಇಳಿದಿರುತ್ತಿತ್ತು. "ಮನಸ ಬ್ಯಾರೆ ಕಡೆ ಹೋತಂದ್ರ ಕೈ ಸಡಲಾಗತೈತಿ, ತಂಗೀ. ಬ್ಯಾಡಾದ ಮಾತ ಬಂತಂದ್ರ ಕಲ್ಲಾಗತೈತಿ. ಬಾಯಿ ಹೆಂಗರ ಇರಲಿ, ಕೈಗೆ ಸುಳ್ಳ ಹೇಳಾಕ ಬರಂಗಿಲ್ಲ."

ಕೊನೆಗೆ ಅವಳದೊಂದು ಪದ್ಧತಿ. ಎಣಿಸಿದ ಬಳೆ ಮುಗಿದ ಮೇಲೆ ಯಾರೂ ಕೇಳದಿದ್ದರೂ ಒಂದು ಬಳೆ ಹೆಚ್ಚಿಗೆ ಏರಿಸುವಳು. ಅದು ಕೊಸರು, ಆಯಿಯ ಆಶೀರ್ವಾದ. ತೊಟ್ಟವಳು ಅವಳ ಕಾಲಿಗೆ ನಮಸ್ಕರಿಸಿ ಏಳಬೇಕು.

ಚುನಾವಣೆ ಬಂದಾಗ ಬಸ್‌ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ಗಂಡಸರು ಚಹಾದ ಮುಂದೆ ಕುಳಿತು ಯಾವ ಓಣಿ ಯಾರಿಗೆ, ಯಾವ ಜಾತಿ ಯಾರಿಗೆ ಎಂದು ಹಂಚುತ್ತಿದ್ದರು. ಹೆಂಗಸರ ಓಟು ಮಾತ್ರ ಅವರ ಹಂಚಿಕೆಗೆ ಸಿಗುತ್ತಿರಲಿಲ್ಲ. ಅದನ್ನು ತಿಳಿಯಲು ಆಯಿಯನ್ನೇ ಹಿಡಿಯುತ್ತಿದ್ದರು. ಅವಳು ಮನೆಮನೆಯಲ್ಲಿ ಕೈ ಹಿಡಿದು ಕುಳಿತವಳು, ಅವಳಿಗೆ ಗೊತ್ತಿರುತ್ತದೆ ಎಂಬುದು ಅವರ ನಂಬಿಕೆ. ಅವಳು ಯಾರಿಗೂ ಏನೂ ಹೇಳುತ್ತಿರಲಿಲ್ಲ. "ಸೂಲಗಿತ್ತಿ, ಬಳಿಗಾರ್ತಿ ಬಾಯಿ ಬಿಟ್ರ ಊರ ಉಳೀತೈತೇನ?" ಎಂದು ನಕ್ಕು ಮುಂದಿನ ಮನೆಗೆ ಹೋಗುವಳು.

ನಾನು ಹೇಳಹೊರಟ ಚುನಾವಣೆ ಎಪ್ಪತ್ತರ ದಶಕದ ಕೊನೆಗೆ ನಡೆದ ವಿಧಾನಸಭೆಯದು. ನನಗೆ ಅದು ಮೊದಲ ಓಟು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದವಳು ಓಟಿಗೆಂದೇ ಊರಿಗೆ ಬಂದಿದ್ದೆ.

ನಿಂತವರು ವಾಡೆಯ, ಅಂದರೆ ಊರ ಜಮೀನುದಾರರ ದೊಡ್ಡ ಮನೆಯ, ಮಗ. ನಮ್ಮೂರಿನಲ್ಲಿ ವಾಡೆಯವರಲ್ಲದ ಬೇರೆ ಯಾರಾದರೂ ಚುನಾವಣೆಗೆ ನಿಲ್ಲಬಹುದೆಂಬುದೇ ಜನಕ್ಕೆ ಮರೆತಿತ್ತು. ಅಜ್ಜ ತಾಲೂಕು ಬೋರ್ಡಿನಲ್ಲಿ ಕುಳಿತವರು. ತಂದೆ ಶಾಸಕರಾಗಿ ಮಂತ್ರಿಯೂ ಆದವರು. ಆ ತಂದೆಯ ಕಾಲದಲ್ಲೇ ಕೆರೆಯ ಹಗರಣ ಆಯಿತು. ನಮ್ಮ ಕಡೆ ಬಾವಿ ತೋಡಿದರೆ ಉಪ್ಪುನೀರು. ಕುಡಿಯಲು ಕೆರೆಯೇ ಗತಿ. ಆ ಕೆರೆಯ ಹೂಳು ಸರಕಾರದ ಕಾಗದದ ಮೇಲೆ ಎರಡು ಸಲ ಎದ್ದಿತ್ತು, ಕೆರೆಯಿಂದ ಒಂದು ಬುಟ್ಟಿಯೂ ಎದ್ದಿರಲಿಲ್ಲ. ಗುತ್ತಿಗೆ ಹಿಡಿದವನು ಮಂತ್ರಿಗಳ ಸ್ವಂತ ಅಳಿಯ. ವಿಚಾರಣೆ ನಡೆಯಿತು. ಸಾಕ್ಷಿಗಳಿಗೆ ಒಬ್ಬೊಬ್ಬರಾಗಿ ಮರೆವು ಬಂತು. ಮಂತ್ರಿಗಳು ಪ್ರಕೃತಿ ಸರಿಯಿಲ್ಲವೆಂದು ರಾಜೀನಾಮೆ ಕೊಟ್ಟು ಮರಳಿದಾಗ ಅಣ್ಣಿಗೇರಿಯ ಸ್ಟೇಶನ್ನಿನಲ್ಲಿ ಹಾರ ಹಾಕಿ ಕರೆತಂದರು. ಹಾರ ಹಾಕಿದವರ ಮನೆಯ ಹೆಂಗಸರು ಅದೇ ಹೊತ್ತಿಗೆ ಕೆರೆಯ ತಳದ ರಾಡಿ ನೀರನ್ನು ಸೀರೆಯ ಸೆರಗಿನಲ್ಲಿ ಸೋಸಿ ಕೊಡ ತುಂಬುತ್ತಿದ್ದರು. ನನ್ನ ಅವ್ವನೂ ಅವರಲ್ಲಿ ಒಬ್ಬಳು.

"ಅಪ್ಪ ಮಾಡಿದ್ದಕ್ಕ ಮಗಾ ಏನ ಮಾಡ್ಯಾನು? ಹುಡುಗ ಬಂಗಾರದಂಥಾವ," ಎಂದು ಹೋಟೆಲ್ಲಿನಲ್ಲಿ ತೀರ್ಮಾನವಾಗಿತ್ತು. ಆದರೂ ಹೆಂಗಸರ ಬಗ್ಗೆ ವಾಡೆಯವರಿಗೆ ಅಳುಕು ಇದ್ದಿರಬೇಕು. ಓಟಿಗೆ ಒಂದು ವಾರ ಇದ್ದಾಗ ಅವರ ಕಾರಭಾರಿ ಎರಡು ಬುಟ್ಟಿ ಹಸಿರು ಬಳೆ ಹೊರಿಸಿಕೊಂಡು ಆಯಿಯನ್ನು ಹುಡುಕುತ್ತ ನಮ್ಮ ಮನೆಗೇ ಬಂದ. ಅವಳು ನಮ್ಮ ಕಟ್ಟೆಯ ಮೇಲೆ ಕುಳಿತು ಮಲಾರ ಬಿಚ್ಚುತ್ತಿದ್ದಳು.

"ಏನಬೇ ಆಯಿ, ವಾಡೇದ ಸಣ್ಣ ಅಕ್ಕಾರು ಊರ ಮುತ್ತೈದ್ಯಾರಿಗೆ ಬಳಿ ಕಳಸ್ಯಾರ. ಒಂದ ಮನಿ ಬಿಡಬ್ಯಾಡ. ತೊಡಿಸಿ, ಬಳಿ ಮುಟ್ಟಿಸಿ ಮಾತ ತಗೊ. ಓಟು ವಾಡೇಕ್ಕ ಅಂತ."

"ಬಳಿ ಆಣಿ ದೊಡ್ಡದ್ರಿ ಕಾರಭಾರ್ಯಾರ," ಎಂದಳು ಆಯಿ.

"ದೊಡ್ಡದಂತನ ನಿನ್ನ ಕಡೆ ಬಂದೇನಿ. ನೀ ಇರೂ ಮನಿ ಗ್ವಾಡಿ ಯಾರದು? ವಾಡೇದ ಗ್ವಾಡಿ. ಮರತಿಯೇನ?"

ಅವಳು ಮರೆತಿರಲಿಲ್ಲ. ವಾಡೆಯ ಹಿತ್ತಲಗೋಡೆಗೆ ಆನಿಸಿ ಕಟ್ಟಿದ ಒಂದೇ ಖೋಲಿ ಅವಳ ಮನೆ. ಜಾಗವೂ ಅವರದು, ಗೋಡೆಯೂ ಅವರದು. ಹೊರಹಾಕಿದರೆ ಆ ವಯಸ್ಸಿನಲ್ಲಿ ಹೋಗಲು ಅವಳಿಗೆ ಬೇರೆ ಊರೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಬುಟ್ಟಿಗಳನ್ನು ಹತ್ತಿರ ಎಳೆದುಕೊಂಡು, "ಇಟ್ಟ ಹೋಗ್ರಿ," ಎಂದಳು.

ಅವನು ಹೋದ ಮೇಲೆ ಅವ್ವ ಒಳಗಿನಿಂದ ಬಂದಳು. ಮುಖ ಬಾಡಿತ್ತು. ಗಾಜಿನ ಬಳೆ ಮುಟ್ಟಿ ಕೊಟ್ಟ ಮಾತು ತಪ್ಪಿದರೆ ಆ ಬಳೆ ಒಡೆಯುತ್ತದೆ, ಅಂದರೆ ಗಂಡನಿಗೆ ಕೇಡು ಎಂಬುದು ನಮ್ಮ ಹೆಂಗಸರ ನಂಬಿಕೆ. ನಾನು ಓದಿದವಳಲ್ಲವೇ, ಧೈರ್ಯ ಹೇಳಲು ಹೋದೆ: "ಅವ್ವಾ, ಓಟು ಗುಪ್ತ ಇರತೈತಿ. ನೀ ಯಾರಿಗೆ ಹಾಕಿದಿ ಅಂತ ಯಾರಿಗೂ ಗೊತ್ತಾಗಂಗಿಲ್ಲ."

"ಬಳಿಗೆ ಗೊತ್ತಾಗತೈತಲ್ಲ," ಎಂದಳು ಅವ್ವ.



ಆಯಿ ಒಂದು ಹಸಿರು ಬಳೆ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ತಂಗೀ, ಓಟಿನ ದಿನ ಮಸಿ ಹಚ್ಚೂದು ಯಾವ ಕೈಗೆ?" ಎಂದು ಕೇಳಿದಳು.

"ಎಡಗೈ ಬೊಟ್ಟಿಗೆ, ಆಯಿ."

"ಓಟಿನ ಚೀಟಿಗೆ ಶಿಕ್ಕಾ ಒತ್ತೂದು?"

"ಬಲಗೈಲೆ."

ಅವಳು ಎದ್ದು ಕೈ ತೊಳೆದುಕೊಂಡು ಬಂದಳು. ಅವ್ವನನ್ನು ಎದುರಿಗೆ ಕೂರಿಸಿಕೊಂಡು ವಾಡೆಯ ಹಸಿರು ಬಳೆಗಳಲ್ಲಿ ಅವಳ ಪಾಲಿನವನ್ನೆಲ್ಲ ಎಡಗೈಗೇ ಏರಿಸಿದಳು. ಬಳೆ ಮುಟ್ಟಿಸಿ, "ಈ ಬಳಿ ತೊಟ್ಟ ಕೈ ವಾಡೇದ ಮಾತು ಮೀರಂಗಿಲ್ಲ, ಅನ್ನು," ಎಂದಳು. ಅವ್ವ ಹಾಗೆಯೇ ಅಂದಳು. ಆಮೇಲೆ ಆಯಿ ತನ್ನ ಮಲಾರದಿಂದ ಒಂದು ಕೆಂಪು ಬಳೆ ತೆಗೆದು ಅವ್ವನ ಬಲಗೈಗೆ ಏರಿಸಿದಳು.

"ಇದು ನನ್ನ ಕೊಸರು. ಇದರ ಮ್ಯಾಲೆ ಯಾರ ಆಣೀನೂ ಇಲ್ಲ. ಎಡಗೈ ವಾಡೇಕ್ಕ ಮಾತು ಕೊಟ್ಟೈತಿ, ಅದು ಸುಮ್ನ ಮಸಿ ಹಚ್ಚಿಸಿಕೊಂಡ ಬರಲಿ. ಬಲಗೈ ನಿಂದು. ಅದಕ್ಕ ಏನ ತಿಳೀತೈತಿ ಅದನ್ನ ಮಾಡಲಿ. ವಾಡೇಕ್ಕ ಹಾಕಬೇಕನಿಸಿದ್ರ ಅವರಿಗೇ ಹಾಕು. ನಾ ಏನೂ ಹೇಳಂಗಿಲ್ಲ."

ಅವ್ವ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿದಳು. ಆಮೇಲೆ ಬಗ್ಗಿ ನಮಸ್ಕಾರ ಮಾಡಿದಳು. ಅಷ್ಟು ಹೊತ್ತು ಅವಳು ಯಾರಿಗೂ ನಮಸ್ಕಾರ ಮಾಡಿದ್ದನ್ನು ನಾನು ಕಂಡಿಲ್ಲ.

ಒಂದು ವಾರ ಆಯಿ ಊರೆಲ್ಲ ತಿರುಗಿದಳು. ಹಿಂಗಾರಿ ಜೋಳ ಕೊಯ್ಲಿಗೆ ಬಂದಿತ್ತು. ಮನೆಯಲ್ಲಿ ಸಿಗದವರನ್ನು ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂರಿಸಿ ತೊಡಿಸಿದಳು. ಎಲ್ಲರಿಗೂ ಅದೇ ಮಾತು, ಅದೇ ಎರಡು ಕೈ.

ಓಟಿನ ದಿನ ಅಪ್ಪನ ಶಾಲೆಯ ಮುಂದೆ ಹೆಂಗಸರ ಸಾಲು ಬೆಳಿಗ್ಗೆಯೇ ಬೆಳೆಯಿತು. ಕಾರಭಾರಿ ದೂರದ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಸೆರಗು ಹಿಡಿದ ಎಡಗೈಗಳ ತುಂಬ ಹಸಿರು ಬಳೆ ಕಂಡು ಅವನಿಗೆ ಹಿಗ್ಗೋ ಹಿಗ್ಗು. "ಅಗದಿ ಹಸರ ಬೆಳಿ ಬಂದೈತಿ!" ಎಂದು ಕೂಗಿ, ಮಧ್ಯಾಹ್ನಕ್ಕೇ ವಾಡೆಗೆ ಹೇಳಿಕಳಿಸಿ ಬುಂದೆ ಕರಿಯುವ ಒಲೆ ಹೂಡಿಸಿದ. ನನ್ನ ಮುಂದೆ ನಿಂತಿದ್ದ ಹೆಂಗಸು ಒಳಗೆ ಹೋಗುವ ಮುನ್ನ ಬಲಗೈಯ ಕೆಂಪು ಬಳೆಯನ್ನು ಹಣೆಗೆ ಒತ್ತಿಕೊಂಡಳು.

ವಾಡೆಯ ಮಗ ಸೋತರು. ಬಹಳ ಅಂತರದಿಂದಲ್ಲ, ಆದರೂ ಸೋತರು.

ಫಲಿತಾಂಶದ ಮರುದಿನವೇ ವಾಡೆಯಿಂದ ಆಯಿಗೆ ಕರೆ ಬಂತು. ಅವ್ವ ನನ್ನನ್ನು ಜೊತೆಗೆ ಕಳಿಸಿದಳು. ಓದಿದ ಹುಡುಗಿ ಪಕ್ಕದಲ್ಲಿದ್ದರೆ ಬೈಗುಳ ಸ್ವಲ್ಪ ಕಡಿಮೆಯಾದೀತೆಂದು ಅವಳ ಆಸೆ. ಕಡಿಮೆಯೇನೂ ಆಗಲಿಲ್ಲ.

"ಮುದುಕಿ, ಏನ ಮಾಡಿದೆ ಹೇಳು! ಆಣಿ ತಗೊಂಡಿಯೋ ಇಲ್ಲೋ?" ಕಾರಭಾರಿ ಪಡಸಾಲೆಯಲ್ಲಿ ಕೂಗಾಡಿದ.

"ತಗೊಂಡೇನ್ರಿ. ನಿಮ್ಮ ಬಳಿ ಒಂದೂ ನನ್ನ ಮಲಾರಕ್ಕ ಸೇರಿಲ್ಲ. ಎಲ್ಲಾ ಎಡಗೈಗೆ ಏರಿಸೇನಿ. ಎಡಗೈ ಆಣಿ ತಗೊಂಡೇನಿ."

"ಬಲಗೈ ಯಾಕ ಬಿಟ್ಟಿ?"

ಸುಳ್ಳು ಹೇಳಿಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಆಯಿ ತನ್ನ ಬರಿಗೈಗಳನ್ನು ಮುಂದೆ ಚಾಚಿದಳು.

"ಈ ಕೈ ಬಳಿ ಒಡದಾಗ ನಂಗ ಇಪ್ಪತ್ತೂ ತುಂಬಿರಲಿಲ್ಲ. ಆ ಸಪ್ಪಳ ಇನ್ನೂ ಕಿವ್ಯಾಗ ಐತಿ. ಒಂದ ಓಟಿನ ಸಲುವಾಗಿ ಮತ್ತೊಬ್ಬಾಕಿ ಗಂಡನ್ನ ಆಣಿಗೆ ಕಟ್ಟಾಕ ನಾ ಯಾರ್ರೀ? ಖೋಲಿ ಬಿಡಂದ್ರ ನಾಳೇನ ಬಿಡತೇನಿ."

ಅವಳ ದನಿ ಗಟ್ಟಿಯಾಗಿತ್ತು. ನಾನು ಅವಳ ತೋಳು ಹಿಡಿದುಕೊಂಡೆ.

ಒಳಬಾಗಿಲ ಪರದೆ ಸರಿಯಿತು. ಸೋತವರ ಹೆಂಡತಿ, ಊರವರು ಸಣ್ಣ ಅಕ್ಕಾರು ಎನ್ನುತ್ತಿದ್ದವರು, ಹೊಸಿಲಲ್ಲಿ ನಿಂತಿದ್ದರು. "ಕಾರಭಾರ್ಯಾರ, ಹೊರಗ ಹೋಗ್ರಿ. ನಾ ಬಳಿ ತೊಡಬೇಕು."

"ಅಕ್ಕಾರ, ಈ ಹೊತ್ತಿನಾಗ ಬಳೀ..."

"ಹೆಂಗಸರು ಬಳಿ ತೊಡೂ ಮುಂದ ಗಂಡಸರು ನಿಂದರತಾರೇನ್ರೀ?"

ಅವನು ಹೊರನಡೆದ. ಅವರು ಆಯಿಯ ಮುಂದೆ ಕುಳಿತು ಬಲಗೈ ಚಾಚಿದರು. ಮಲಾರ ಆಯಿಯ ಹೆಗಲಲ್ಲೇ ಇತ್ತು. ಆಯಿ ಗೆಣ್ಣು ಒತ್ತಿ ಒಂದೇ ಒಂದು ಕೆಂಪು ಬಳೆ ಏರಿಸಿದಳು. ಅದು ಎಲ್ಲೂ ತಡೆಯದೆ ಇಳಿಯಿತು. ಅಕ್ಕಾರು ಏಳುತ್ತ, "ಖೋಲಿ ನಿಂದ ಆಯಿ. ನಾ ಇರೂತನಕ ಯಾರೂ ಕೇಳಂಗಿಲ್ಲ," ಎಂದು ಒಳಗೆ ಹೋದರು.

ಮನೆಯ ದಾರಿಯಲ್ಲಿ ಕೇಳಿದೆ, "ಆಯಿ, ಅವರು ನಿನ್ನ ಯಾಕ ಉಳಿಸಿದ್ರು?"

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಕಾರಭಾರಿ ಬುಟ್ಟಿ ತರೂಕಿಂತ ಮೊದಲ ಅವರಿಗೇ ಬಳಿ ತೊಡಿಸಿದ್ನಿ. ನಿಮ್ಮ ರಾಯರು ಗೆದ್ದ ಬರಲಿ ಅಂದ್ನಿ. ಹೌದ ಆಯಿ ಅಂತ ಬಾಯಿ ಅಂತು. ಕೈ ಕಲ್ಲಾತು. ಎರಡ ಬಳಿ ಒಡದವು. ವಾಡೇದಾಗೂ ಅದ ಕೆರಿ ನೀರ ಕುಡೀತಾರ, ತಂಗೀ. ಸ್ವಂತ ಹೇಂತಿ ಕೈ ಬರದಾಂವ ಊರ ಕೈಲೆ ಹೆಂಗ ಗೆಲ್ತಾನ? ನಾ ಇರೂತನಕ ಇದು ನಿನ್ನ ಹೊಟ್ಯಾಗ ಇರಲಿ."

ಇರಿಸಿಕೊಂಡೆ. ಅಕ್ಕಾರು ವಾಡೆ ಬಿಟ್ಟು ಧಾರವಾಡದಲ್ಲಿ ಬೇರೆ ಮನೆ ಮಾಡಿ ಈಗ ವರ್ಷವಾಯಿತು. ಇನ್ನು ಈ ಮಾತಿನಿಂದ ಅವರಿಗೆ ತೊಂದರೆಯಿಲ್ಲವೆಂದು ಅವರನ್ನೇ ಕೇಳಿ ಬರೆಯುತ್ತಿದ್ದೇನೆ. ಗೆದ್ದವರು ಕೆರೆಯ ಹೂಳು ತೆಗೆಸಲಿಲ್ಲ, ಅದನ್ನೂ ಹೇಳಬೇಕು. ಮುಂದಿನ ಸಲ ವಾಡೆಯವರೇ ಗೆಲ್ಲುತ್ತಾರೆಂದು ಹೋಟೆಲ್ಲಿನಲ್ಲಿ ಆಗಲೇ ಮಾತು ನಡೆದಿದೆ. ಗೆಲ್ಲಲೂಬಹುದು. ಹೆಂಗಸರ ಕೈ ಏನನ್ನುತ್ತದೆಂದು ಕೇಳಲು ಈಗ ಊರಲ್ಲಿ ಯಾರೂ ಇಲ್ಲ.

ಕಳೆದ ಚಳಿಗಾಲದಲ್ಲಿ ಆಯಿ ಹಾಸಿಗೆ ಹಿಡಿದಳೆಂದು ತಿಳಿದು ನೋಡಲು ಹೋಗಿದ್ದೆ. ಆಗಷ್ಟೇ ಅಪ್ಪ ನನಗೊಂದು ಸಂಬಂಧ ಗೊತ್ತುಮಾಡಿದ್ದರು. ಹುಡುಗ ಕೆಟ್ಟವನಲ್ಲ, ಮನೆತನವೂ ಒಳ್ಳೆಯದು. ಬೇಡವೆನ್ನಲು ನನ್ನಲ್ಲಿ ಹೇಳಿಕೊಳ್ಳುವಂಥ ಕಾರಣವಿರಲಿಲ್ಲ. ಆಯಿ ಮಲಗಿದಲ್ಲಿಂದಲೇ ನನ್ನ ಬಲಗೈ ತೆಗೆದುಕೊಂಡು ಹಳೆಯ ರೂಢಿಯಂತೆ ಗೆಣ್ಣು ಒತ್ತತೊಡಗಿದಳು.

"ಲಗ್ನ ಅಂತಲ್ಲ ತಂಗೀ?"

"ಹೌದ ಆಯಿ."

"ಮನಸೈತೇನ?"

"ಐತಿ," ಎಂದೆ.

ಅವಳು ಕಣ್ಣು ಮುಚ್ಚಿಕೊಂಡು ಕೈ ಹಿಡಿದೇ ಇದ್ದಳು. ಹೊರಗೆ ಯಾರೋ ಕೊಡ ಇಳಿಸಿದ ಸದ್ದಾಯಿತು. "ಕೈ ಹಂಗ ಅನ್ನವಲ್ದು," ಎಂದಳು ಮೆಲ್ಲಗೆ.

ಅಂದು ಸಂಜೆ ಅಪ್ಪನ ಮುಂದೆ ನಿಂತು ಈ ಸಂಬಂಧ ಬೇಡವೆಂದೆ. ಅಪ್ಪ ಕಾರಣ ಕೇಳಿದರು, ಗೊತ್ತಿಲ್ಲವೆಂದೆ. ಅದು ನಿಜವಾಗಿತ್ತು. ಅಪ್ಪ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಬಸ್ಸಿಗೆ ಬಿಡಲು ತಾವೇ ಬಂದರು. ಈಗ ಧಾರವಾಡದಲ್ಲಿ ಪಾಠ ಹೇಳುತ್ತಿದ್ದೇನೆ. ನನ್ನ ಬದುಕಿನಲ್ಲಿ ನಾನೇ ಒತ್ತಿದ ಶಿಕ್ಕಾ ಅದೊಂದು.

ಅಂದು ಊರಿಂದ ಮರಳಿದ ಎಂಟು ದಿನಕ್ಕೆ, ಆಯಿ ತೀರಿಕೊಂಡಳೆಂದು ಅಪ್ಪನ ಕಾಗದ ಬಂತು. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಕಡೆಯ ಹೊತ್ತಿನಲ್ಲಿ ಹತ್ತಿರವಿದ್ದು, ಮೈ ತೊಳೆದವಳು ಅವ್ವ. ರಾತ್ರಿ ಊಟಕ್ಕೆ ಬಡಿಸುತ್ತ ಅವಳು ಒಂದೇ ಮಾತು ಹೇಳಿದಳು.

"ಆಕಿ ಕೈ ತೊಳದ್ನಿ. ಅಗದಿ ಸಡಲ ಇದ್ದುವು, ಯವ್ವಾ. ಯಾವ ಅಳತಿ ಬಳಿ ಏರಿಸಿದ್ರೂ ಏರತಿದ್ದವು."