ನಾನು ತೊಳೆದ ಎಂಜಿನ್

ನನ್ನ ಅಪ್ಪ ಲಾರಿ ಡ್ರೈವರ್. ಆಯುಧಪೂಜೆ ಬಂತೆಂದರೆ ತವರಿನಲ್ಲಿ ಲಾರಿಯ ಬಾನೆಟ್ ಎತ್ತಿ, ಸೋಪಿನ ನೀರು ಹೊಡೆದು, ಎಂಜಿನ್ನನ್ನು ಎಮ್ಮೆ ತೊಳೆದ ಹಾಗೆ ತೊಳೆಯುತ್ತಿದ್ದೆವು. ಮೈ ತೊಳೆದು ಹೊಟ್ಟೆಯ ಕೊಳೆ ಹಾಗೇ ಬಿಟ್ಟರೆ ಅದೆಂಥ ಪೂಜೆ ಎಂಬುದು ಅಪ್ಪನ ವಾದ. ಆ ವಾದವನ್ನೇ ಬಳುವಳಿಯಂತೆ ಹೊತ್ತುಕೊಂಡು ನಾನು ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ನಮ್ಮ ಯಜಮಾನರು ಬಾಡಿಗೆಗೆ ಓಡಿಸಲು ಒಂದು ಕಾರು ತಂದರು. ಸೆಕೆಂಡ್ ಹ್ಯಾಂಡ್ ಆದರೂ ನಮ್ಮೂರಿಗೆ ಅದು ಹೊಸ ಬಗೆಯದು. ಹಬ್ಬದ ದಿನ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದು ಹೇಳಿ ಹೂವು ತರಲು ಹೋದರು. ನಾನು ಬಿಡಬೇಕಲ್ಲ! ಒಳಗೆ ಓದುತ್ತ ಕುಳಿತಿದ್ದ ನಾದಿನಿಯನ್ನು ಎಬ್ಬಿಸಿ, ಪೈಪು ತರಿಸಿ, ಬಾನೆಟ್ ಎತ್ತಿ ಮೂಲೆಮೂಲೆಗೂ ನೀರು ಬಿಡಿಸಿದೆ.

“ಅತ್ತಿಗೆ, ಒಳಗೆಲ್ಲ ವೈರ್ ಐತೆ ನೋಡ್ರಿ,” ಎಂದಳು ಅವಳು.

“ಡ್ರೈವರ್ ಮಗಳಿಗೇ ಹೇಳಿಕೊಡ್ತೀಯಾ? ಸುಮ್ನೆ ಪೈಪ್ ಹಿಡಿಯೇ,” ಎಂದು ಗದರಿದೆ.

ಅವಳು ಓದುತ್ತಿದ್ದದ್ದು ಟೀಚರ್ ಕೆಲಸದ ಪರೀಕ್ಷೆಗೆ. ನಮ್ಮ ತಾಲ್ಲೂಕಿನದೇ ಆದ ಸಿದ್ದಾಪುರದ ಕಡೆಯ ಒಂದು ಸಂಬಂಧ ಕೂಡಿಬಂದಿತ್ತು, ಅವಳಿಗೆ ಮನಸ್ಸಿರಲಿಲ್ಲ. ಮಾವನವರು ಕಡ್ಡಿ ಮುರಿದಂತೆ ಹೇಳಿದ್ದರು: “ಇದೊಂದು ಪರೀಕ್ಷೆ ಬರಿ. ಕೆಲ್ಸ ಸಿಕ್ರೆ ನಿನ್ನಿಷ್ಟ. ಇಲ್ಲಾಂದ್ರೆ ಬಾಯಿ ಮುಚ್ಕೊಂಡು ಹಸೆಮಣೆ ಮೇಲೆ ಕೂತ್ಕಾ.” ಅವಳು ಒಪ್ಪಿ ಹಗಲಿರುಳು ಓದಿದಳು.

ಹಬ್ಬ ಕಳೆದ ಭಾನುವಾರ ಚಳ್ಳಕೆರೆಯಲ್ಲಿ ಪರೀಕ್ಷೆ. ಅವಳು ಬೆಳಗಿನ ಬಸ್ಸಿಗೇ ಹೋಗುತ್ತೇನೆಂದಳು. ಮನೆಯಲ್ಲಿ ಕಾರಿಟ್ಟುಕೊಂಡು ಬಸ್ಸಿನಲ್ಲಿ ಯಾಕೆ ನೇತಾಡಬೇಕು ಎಂದು ತಡೆದವಳೂ ನಾನೇ. ಮೂವರೂ ಹೊರಟೆವು.

ಬಿ.ಜಿ.ಕೆರೆ ದಾಟಿದ್ದೆವು. ಯಜಮಾನರ ಮುಂದೆ ಹಳದಿ ದೀಪವೊಂದು ಹತ್ತಿಕೊಂಡಿತು, ಕಾರು ಉಸಿರು ಬಿಟ್ಟಂತೆ ನಿಧಾನವಾಯಿತು. ಎಷ್ಟು ಒತ್ತಿದರೂ ಎತ್ತಿನ ಗಾಡಿಯ ನಡಿಗೆಯೇ. ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಸ್ವಲ್ಪ ದೂರ ಚೆನ್ನಾಗಿ ಓಡಿ, ಮತ್ತೆ ಅದೇ ರಾಗ.

“ಒತ್ರೀ ಸರಿಯಾಗಿ! ಹೊತ್ತಾಗ್ತೈತೆ!” ಎಂದು ಕೂಗಿದೆ.

“ಒತ್ತಿದೀನಿ ಕಣೇ, ಪೆಡಲ್ ನೆಲ ಮುಟ್ಟೈತೆ. ಅದೇ ಕೇಳ್ತಿಲ್ಲ!”

ತಳಕಿನ ಹತ್ತಿರ ಬಸ್ಸೊಂದು ನಮ್ಮನ್ನು ಹಿಂದೆ ಹಾಕಿತು. ಕಿಟಕಿಯಿಂದ ಕೈ ಬೀಸಿದೆವು. ತುಂಬಿ ತುಳುಕುತ್ತಿದ್ದ ಬಸ್ಸು, ನಿಲ್ಲಲಿಲ್ಲ. ನಾವು ಪರೀಕ್ಷೆಯ ಶಾಲೆ ಮುಟ್ಟುವಷ್ಟರಲ್ಲಿ ಗೇಟು ಹಾಕಿ ಬಹಳ ಹೊತ್ತಾಗಿತ್ತು. ಯಜಮಾನರು ಕೈ ಮುಗಿದರು, ನಾನು ಜಗಳವಾಡಿದೆ. ಗೇಟು ತೆರೆಯಲಿಲ್ಲ. ನಾದಿನಿ ಬಂದು ಹಿಂದಿನ ಸೀಟಿನಲ್ಲಿ ಕುಳಿತಳು.

ಅಲ್ಲಿಂದ ತೆವಳಿಕೊಂಡು ಗ್ಯಾರೇಜಿಗೆ ಹೋದೆವು. ಗ್ಯಾರೇಜಿನ ವಯಸ್ಸಾದ ಸಾಬರು ಸ್ಟೇರಿಂಗಿನ ಕೆಳಗೆ ಒಂದು ಪುಟ್ಟ ಯಂತ್ರ ಸಿಕ್ಕಿಸಿ ನೋಡಿದರು.

“ಇದ್ರಲ್ಲಿ ಎಕ್ಸಲೇಟರ್ ಕೇಬಲ್ ಇಲ್ಲಮ್ಮ, ಎಲ್ಲಾ ಕರೆಂಟ್ ಆಟ. ಎಂಜಿನ್‌ಗೆ ಗಾಳಿ ಹೋಗೋ ಕಡೆ ಒಂದು ಬಾಗಿಲೈತೆ. ಅದು ಎಷ್ಟು ತೆರೀತು ಅಂತ ಕಂಪ್ಯೂಟರ್‌ಗೆ ಹೇಳೋಕೆ ಎರಡು ಸೆನ್ಸಾರ್. ಎರಡೂ ಒಂದೇ ಮಾತು ಹೇಳ್ಬೇಕು. ಬೇರೆ ಬೇರೆ ಹೇಳಿದ್ರೆ ಕಂಪ್ಯೂಟರ್ ಯಾರ್ನೂ ನಂಬಲ್ಲ. ಗಾಡಿ ಕೈ ಮೀರಿ ಓಡಿ ಜೀವ ಹೋಗ್ಬಾರ್ದು ಅಂತ ತಾನೇ ನಿಧಾನ ಮಾಡ್ತೈತೆ.” ಅವರು ಬಾನೆಟ್ ಎತ್ತಿ ಆ ಸೆನ್ಸಾರ್‌ಗಳ ವೈರಿನ ಪ್ಲಗ್ ಕಿತ್ತು ತೋರಿಸಿದರು. ಪಿನ್ನುಗಳು ಹಸಿರುಗಟ್ಟಿದ್ದವು. “ನೀರು ಕುಡ್ದೈತೆ. ಯಾರು ತೊಳ್ದಿದ್ದು?”

“ನಾನು,” ಎಂದೆ. ನನ್ನ ಜೊತೆಗೇ ಯಜಮಾನರೂ “ನಾನು” ಎಂದರು. ಸಾಬರು ಇಬ್ಬರ ಮುಖ ನೋಡಿದರು. ಅಷ್ಟರಲ್ಲಿ ಕಾರಿನೊಳಗಿಂದ ನಾದಿನಿ, “ಪೈಪ್ ಹಿಡ್ದಿದ್ದು ನಾನ್ರೀ,” ಎಂದಳು. ನನಗೆ ಭೂಮಿಯೊಳಗೆ ಇಳಿದುಹೋಗೋಣ ಎನಿಸಿತು.

ಮನೆಗೆ ಬಂದವಳೇ ಮಾವನವರ ಮುಂದೆ ನಿಂತೆ. “ತಪ್ಪು ನಂದು ಮಾವ. ನನ್ನ ಬೈರಿ, ಹೊಡೀರಿ. ಅವ್ಳಿಗೆ ಇನ್ನೊಂದು ಸಲ ಬರೆಯೋಕೆ ಬಿಡ್ರಿ.”

“ನಿನ್ನ ಯಾಕಮ್ಮ ಬೈಲಿ? ಪೂಜೆಗೆ ಅಂತ ತೊಳ್ದೆ. ಅವಳ ಹಣೇಲಿ ಇಷ್ಟೇ ಬರ್ದಿತ್ತು. ಆ ಕಡೆಯೋರಿಗೆ ಮಾತು ಕೊಟ್ಟಾಗೈತೆ.”

ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಒಬ್ಬರಾದರೂ ಬೈದಿದ್ದರೆ ತಿರುಗಿ ಜಗಳವಾಡಿ ಹಗುರಾಗುತ್ತಿದ್ದೆ.

ಸುಗ್ಗಿ ಮುಗಿದ ಮೇಲೆ ಮದುವೆಯಾಯಿತು. ಅವಳನ್ನು ಗಂಡನ ಮನೆಗೆ ಬಿಡಲು ಹೊರಟದ್ದು ಅದೇ ಕಾರಿನಲ್ಲಿ. ಮದುಮಗ ಮುಂದೆ ಯಜಮಾನರ ಪಕ್ಕ, ಹಿಂದೆ ನಾವಿಬ್ಬರು. ರಿಪೇರಿಯಾದ ಕಾರು ಬೆಣ್ಣೆಯ ಹಾಗೆ ಓಡುತ್ತಿತ್ತು. ಸಿದ್ದಾಪುರದ ಬಂಡೆಗುಡ್ಡಗಳು ಕಾಣಿಸತೊಡಗಿದಾಗ ಅವಳು ನನ್ನ ಕೈ ಹಿಡಿದುಕೊಂಡಳು.

“ಅಣ್ಣ, ಒಂಚೂರು ನಿಧಾನಕ್ಕೆ ಹೋಗು,” ಎಂದಳು.

ಯಜಮಾನರು ಕಾಲು ಸಡಿಲಿಸಿದರು. ಅವಳು ಊರು ಬರುವವರೆಗೂ ನನ್ನ ಕೈ ಬಿಡಲಿಲ್ಲ. ಸಿಟ್ಟಿನಿಂದ ಕೊಡವಿ ಬಿಟ್ಟಿದ್ದರೆ ಚೆನ್ನಾಗಿತ್ತು.